ಮಿಸ್ಟರ್ ಪ್ರಸನ್ನ ಅವರ ತಾಯಿಯ ಹೆಸರು

ನನ್ನ ಹೆಸರು ಜಂಬುನಾಥ. ಹೊಸಪೇಟೆಯಲ್ಲಿ ಈ ಹೆಸರಿನವರು ಬೀದಿಗೆ ಹತ್ತು ಜನ ಸಿಗುತ್ತಾರೆ, ಆದರೆ ಕಂಪ್ಯೂಟರ್ ಜಂಬಣ್ಣ ಅಂದರೆ ನಾನೊಬ್ಬನೇ. ಜಂಬ ಹೆಸರಿನಲ್ಲಿದೆ, ಸ್ವಭಾವದಲ್ಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುವುದಾದರೆ, ಕಂಪ್ಲಿಯಿಂದ ಸಂಡೂರಿನವರೆಗೆ ನಾನು ಮುಟ್ಟದ ಕಂಪ್ಯೂಟರ್ ಇಲ್ಲ. ದೋಣಿಮಲೈ ಕ್ವಾರ್ಟರ್ಸಿನಲ್ಲಿ ಒಂದು ಪ್ರಿಂಟರ್ ಒಂಬತ್ತು ತಿಂಗಳಿಂದ ಬಾಯಿ ಬಿಟ್ಟಿರಲಿಲ್ಲ. ನಾನು ಬಸ್ಸಿಳಿದು ಗೇಟಿನ ಹತ್ತಿರ ಕೆಮ್ಮಿದ್ದೇ ತಡ, ಒಳಗೆ ಅದು ನಲವತ್ತು ಹಾಳೆ ಕಕ್ಕಿತು. ಮರಿಯಮ್ಮನಹಳ್ಳಿಯಲ್ಲಿ ಲಾರಿ ಹತ್ತಿ ಹಪ್ಪಳವಾದ ಒಂದು ಲ್ಯಾಪ್‌ಟಾಪನ್ನು ಎದುರಿನ ಇಸ್ತ್ರಿ ಅಂಗಡಿಯಲ್ಲಿ ನೇರ ಮಾಡಿಸಿ ಕೊಟ್ಟೆ. ಈಗಲೂ ಅದರಲ್ಲಿ ಯಾರದೋ ಮದುವೆಯ ವಿಡಿಯೊ ಓಡುತ್ತದೆ, ಮದುಮಗ ಮಾತ್ರ ಸ್ವಲ್ಪ ಚಪ್ಪಟೆ ಕಾಣುತ್ತಾನೆ.

ಇಂಥ ನನ್ನನ್ನು ಇಪ್ಪತ್ತೈದು ಅಕ್ಷರಗಳು ಕಂಪ್ಲಿಯ ಒಂದು ಬೇವಿನ ಮರದ ಕೆಳಗೆ ಇಡೀ ಶನಿವಾರ ನಿಲ್ಲಿಸಿದವು. ಸೋತೆ ಅಂತ ಈಗಲೇ ಅಂದುಕೊಳ್ಳಬೇಡಿ. ಪೂರ್ತಿ ಕೇಳಿ, ಆಮೇಲೆ ಬೇಕಾದರೆ ಅಂದುಕೊಳ್ಳಿ.

ಅಂದು ಬೆಳಿಗ್ಗೆ ಎಂಟಕ್ಕೇ ದುರ್ಗಕ್ಕನ ಫೋನ್ ಬಂತು. ದುರ್ಗಕ್ಕ ಕಂಪ್ಲಿಯ ನೀರು ಬಳಕೆದಾರರ ಸಂಘದ ಗುಮಾಸ್ತೆ.

"ಜಂಬಣ್ಣ, ಹೊಸಾ ಕಂಪ್ಯೂಟರ್ ಬಂದೈತ್ರಿ. ಹಳೇದ್ರಾಗ ಇರೋ ಪಾಳಿ ಪಟ್ಟೀನ ಇದಕ್ಕ ಹಾಕಿ ಕೊಡ್ರಿ. ಸೋಮವಾರದೊಳಗ ಆಗ್ಬೇಕು."

"ಸೋಮವಾರ ಯಾಕವ್ವ? ನಾ ಅಲ್ಲಿ ಬಂದು ಒಂದು ಚಹಾ ಕುಡಿಯೋದ್ರೊಳಗ ಮುಗೀತೈತಿ."

"ಎರಡು ಕುಡೀರಂತ, ಬರ್ರಿ. ಆಗ್ಲಿಲ್ಲಂದ್ರ ನನ್ನ ಕುರ್ಚಿ ಹೋಗ್ತೈತಿ."

ಆ ಕುರ್ಚಿಯ ವಿಷಯ ಹೇಳಬೇಕು. ಕಾಲುವೆಗೆ ನೀರು ಬಿಟ್ಟಾಗ ಯಾರ ಗದ್ದೆಗೆ ಯಾವ ದಿನ ಯಾವ ಹೊತ್ತಿಗೆ ನೀರು ಹರಿಯಬೇಕು ಅನ್ನುವುದೇ ಪಾಳಿ ಪಟ್ಟಿ. ಹಿಂದೆ ಅದು ಬರೀ ಬಾಯಲ್ಲಿತ್ತು. ಬಾಯಿಂದ ಕೈಗೆ, ಕೈಯಿಂದ ಸಲಿಕೆಗೆ ಹೋಗುತ್ತಿತ್ತು. ವರ್ಷಕ್ಕೆ ಮುನ್ನೂರು ತಲೆ ಒಡೆಯುತ್ತಿದ್ದವು, ಅದರಲ್ಲಿ ಕೆಲವು ಎರಡೆರಡು ಸಲ. ಹದಿನಾಲ್ಕು ವರ್ಷದ ಹಿಂದೆ ಸಂಘ ಒಂದು ಕಂಪ್ಯೂಟರ್ ಕೊಂಡಿತು, ಅದರ ಜೊತೆಗೆ ಪೆಟ್ಟಿಗೆ ಸಮೇತ ಲೈಸೆನ್ಸ್ ಇದ್ದ ಆಫೀಸ್ ಸಾಫ್ಟ್‌ವೇರ್ ಕೊಂಡಿತು. ಅದರೊಳಗೆ ನಾನು ನನ್ನ ಸ್ವಂತ ಬುದ್ಧಿಯಿಂದ ಒಂದು ಗುಂಡಿ ಮಾಡಿಕೊಟ್ಟೆ. ದುರ್ಗಕ್ಕ ಗದ್ದೆಗಳ ವಿವರ ತುಂಬಿ ಗುಂಡಿ ಒತ್ತಿದರೆ ನಾನೂರ ಹನ್ನೆರಡು ರೈತರ ಪಾಳಿ ಗಂಟೆ ನಿಮಿಷ ಸಮೇತ ಹೊರಗೆ ಬೀಳುತ್ತಿತ್ತು. ಅಂದಿನಿಂದ ಕಂಪ್ಲಿಯಲ್ಲಿ ಒಂದು ತಲೆಯೂ ಒಡೆದಿಲ್ಲ. ಮೂಳೆ ಡಾಕ್ಟರೊಬ್ಬರು ಊರು ಬಿಟ್ಟು ಹೋದರು ಅಂತಾರೆ, ನಾನು ಹೇಳುವುದಿಲ್ಲ.

ಈಗ ಹಳೆಯ ಯಂತ್ರಕ್ಕೆ ವಯಸ್ಸಾಗಿತ್ತು. ಶುರು ಮಾಡಿದರೆ ಅದಿರಿನ ಲಾರಿ ಸಂಡೂರಿನ ಏರು ಹತ್ತಿದ ಹಾಗೆ ನರಳುತ್ತಿತ್ತು, ಹತ್ತು ನಿಮಿಷಕ್ಕೆ ಆರಿಹೋಗುತ್ತಿತ್ತು. ಸಂಘದ ಅಧ್ಯಕ್ಷರಾದ ವಿರೂಪಾಕ್ಷಪ್ಪ, ಎರಡು ಅಕ್ಕಿ ಗಿರಣಿಗಳ ಸಾಹುಕಾರರು, ತಮ್ಮ ಹೆಸರು ಕೆತ್ತಿಸಿದ ಹಿತ್ತಾಳೆ ಪಟ್ಟಿ ಅಂಟಿಸಿ ಹೊಸದೊಂದನ್ನು ಕೊಡುಗೆ ಕೊಟ್ಟರು. ಪಟ್ಟಿ ಎಷ್ಟು ದೊಡ್ಡದೆಂದರೆ ಗಾಳಿ ಹೋಗುವ ಕಿಂಡಿಗಳು ಮುಚ್ಚಿಹೋಗಿದ್ದವು. ಕೊಡುಗೆಯ ಬಾಲಕ್ಕೆ ಒಂದು ಮಾತು ಕಟ್ಟಿದ್ದರು. ಸೋಮವಾರದ ಸಭೆಗೆ ಪಾಳಿ ಪಟ್ಟಿ ಹೊಸ ಕಂಪ್ಯೂಟರಿನಿಂದಲೇ ಬರಬೇಕು. ದುರ್ಗಕ್ಕನ ಕೈಲಿ ಆಗದಿದ್ದರೆ ತಮ್ಮ ತಮ್ಮನ ಸೊಸೆ ಪೂಜಿತಾ ಆ ಕುರ್ಚಿಯಲ್ಲಿ ಕೂರುತ್ತಾಳೆ, ಅವಳು ಹೊಸಪೇಟೆಯಲ್ಲಿ ಕೋರ್ಸ್ ಮಾಡಿದವಳು. ಪೂಜಿತಾಳನ್ನು ಯಾರೂ ಕೇಳಿರಲಿಲ್ಲ. ಅವಳು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಳು.

ನಾನು ಬೈಕಿನಲ್ಲಿ ಹೊರಟು ಹದಿನೆಂಟು ನಿಮಿಷದಲ್ಲಿ ಕಂಪ್ಲಿ ತಲುಪಿದೆ. ಅಷ್ಟು ಬೇಗ ಹೇಗೆ ಅಂತ ಕೇಳಬೇಡಿ, ಬೈಕಿಗೂ ಗೊತ್ತಿಲ್ಲ.

ಆಫೀಸಿನಲ್ಲಿ ಪೂಜಿತಾ ಹೊಸ ಕಂಪ್ಯೂಟರಿನ ಮುಂದೆ ಸಂಕೋಚದಿಂದ ನಿಂತಿದ್ದಳು. ಸಾಹುಕಾರರ ಒತ್ತಾಯಕ್ಕೆ ದುರ್ಗಕ್ಕನ ಫೈಲನ್ನು ಅದರಲ್ಲಿ ಬಂದಿದ್ದ ಹೊಸ ಕಾಲದ ಸಾಫ್ಟ್‌ವೇರಿನಲ್ಲಿ ತೆರೆದು ಗುಂಡಿ ಒತ್ತಿದ್ದಳು. ಪಟ್ಟಿ ಬಂದಿತ್ತು. ನೀರಗಂಟಿ ಉಚ್ಚೆಂಗೆಪ್ಪ, ಅಂದರೆ ಕಾಲುವೆಯ ತೂಬು ಎತ್ತಿ ಇಳಿಸುವವನು, ಅದನ್ನು ಕಣ್ಣಿಗೆ ಹತ್ತಿರ ಹಿಡಿದು ಓದುತ್ತಿದ್ದ.

"ಸಾವ್ಕಾರ್ರ, ನಿಮ್ಮ ದೊಡ್ಡ ಗದ್ದಿಗೆ ಮಂಗಳವಾರ ಇಪ್ಪತ್ತೇಳು ಗಂಟೇಕ ನೀರು ಅಂತ ಐತಿ. ನಾ ಆ ಹೊತ್ತಿಗೆ ತೂಬು ಎತ್ತಾಕ ತಯಾರ್ ಅದೀನಿ. ಆ ಹೊತ್ತು ಬರೂದು ಯಾವಾಗ ಅಂತ ನೀವ ಹೇಳ್ರಿ."

"ಏನೋ ತಪ್ಪಾಗೈತಿ. ಕೈಯಾಗ ತಿದ್ದು," ಅಂದರು ಪಕ್ಕದಲ್ಲೇ ನಿಂತಿದ್ದ ಸಾಹುಕಾರರು.

"ಕೈಯಾಗ ತಿದ್ದಿದ್ದಕ್ಕ ನಮ್ಮಪ್ಪನ ಎರಡು ಹಲ್ಲು ಹೋಗ್ಯಾವ್ರಿ. ಗುಂಡಿ ಒತ್ತಿದ ಪಟ್ಟಿ ಇಲ್ದ ನಾ ತೂಬು ಮುಟ್ಟಂಗಿಲ್ಲ."

ನನಗೆ ಹೆಮ್ಮೆಯಾಯಿತು. ನನ್ನ ಗುಂಡಿ ಬೇರೆ ಯಾವ ಸಾಫ್ಟ್‌ವೇರಿಗೂ ಬಗ್ಗುವುದಿಲ್ಲ. "ಹಳೇ ಸಾಫ್ಟ್‌ವೇರನ್ನ ಲೈಸೆನ್ಸ್ ಸಮೇತ ಹೊಸದಕ್ಕ ವರ್ಗಾವಣೆ ಮಾಡಿದ್ರ ಆತು," ಅಂದೆ. "ಲೈಸೆನ್ಸ್ ಕೀ ಇಪ್ಪತ್ತೈದು ಅಕ್ಷರದ್ದು, ಹಳೇ ಕಂಪ್ಯೂಟರ್ ಡಬ್ಬಿ ಮೈಮ್ಯಾಲ ಚೀಟಿ ಅಂಟಿಸೀನಿ. ನೋಡಿ ಹೊಡೆದ್ರ ಮುಗೀತು. ಚಹಾ ತರಿಸ್ರಿ."

ಚಹಾ ಬಂತು. ಚೀಟಿ ಸಿಗಲಿಲ್ಲ.

ಚೀಟಿ ಇರಬೇಕಾದ ಜಾಗದಲ್ಲಿ ವಿಭೂತಿ ಇತ್ತು. ವಿಭೂತಿ ಅಂದರೆ ಬೆರಳಿಗೆ ಹತ್ತುವಷ್ಟಲ್ಲ, ಗೋಡೆಗೆ ಸುಣ್ಣ ಬಳಿದಷ್ಟು. ಪ್ರತಿ ಆಯುಧಪೂಜೆಗೆ ಅಧ್ಯಕ್ಷರೇ ಖುದ್ದು ಬಂದು, ಮೂರು ಬೆರಳನ್ನು ವಿಭೂತಿಯ ನೀರಿನಲ್ಲಿ ಅದ್ದಿ, ಡಬ್ಬಿಯ ಮೈಮೇಲೆ ಎಡದಿಂದ ಬಲಕ್ಕೆ ಎಳೆಯುತ್ತಿದ್ದರು. ನಡುವೆ ಒಂದು ಕುಂಕುಮದ ಬೊಟ್ಟು. ಹದಿನಾಲ್ಕು ಹಬ್ಬ, ಹದಿನಾಲ್ಕು ಪದರ. ನಾನು ಒದ್ದೆ ಬಟ್ಟೆ ತೆಗೆದುಕೊಂಡಾಗ ದುರ್ಗಕ್ಕ ಕೈ ಹಿಡಿದಳು.

"ಹಬ್ಬದ ವಿಭೂತಿ ಒರಸ್ತೀರೇನ್ರಿ?"

"ಕುರ್ಚಿ ಬೇಕೋ ವಿಭೂತಿ ಬೇಕೋ?"

ಅವಳು ಕೈ ಬಿಟ್ಟಳು. ಮೆಲ್ಲಗೆ ಕೆರೆದೆ. ಎರಡು ಬಕೆಟ್ ವಿಭೂತಿ ಬಂತು ಅಂದರೆ ನಂಬುವುದಿಲ್ಲ, ಒಂದೂವರೆ ಅಂತ ಇಟ್ಟುಕೊಳ್ಳಿ. ಕೊನೆಗೆ ಚೀಟಿ ಕಂಡಿತು. ಸಾಹುಕಾರರ ನಡುಬೆರಳು ಹದಿನಾಲ್ಕು ವರ್ಷ ಗುರಿ ತಪ್ಪದೆ ಅದೇ ಸಾಲಿನ ಮೇಲೆ ಓಡಿತ್ತು. ಇಪ್ಪತ್ತೈದರಲ್ಲಿ ಒಂಬತ್ತು ಅಕ್ಷರ ಪೂರ್ತಿ ಅಳಿಸಿಹೋಗಿದ್ದವು. ಕುಂಕುಮದ ಬೊಟ್ಟಿನ ಕೆಳಗಿನ ಅಕ್ಷರವಂತೂ ತೂತಾಗಿತ್ತು.

"ಯಾರ್ ಅಳಿಸಿದ್ರು ಇದನ್ನ?" ಅಂತ ಸಾಹುಕಾರರು ಗದರಿದರು. ಎಲ್ಲರೂ ಅವರ ಬಲಗೈ ಕಡೆ ನೋಡಿದರು. ಅವರು ಕೈಯನ್ನು ಜುಬ್ಬಾದ ಜೇಬಿಗೆ ಹಾಕಿಕೊಂಡರು.

ಇನ್ನು ಕಂಪನಿಗೇ ಫೋನ್ ಮಾಡಬೇಕಿತ್ತು. ಆಫೀಸಿನೊಳಗೆ ಸಿಗ್ನಲ್ ಬರುವುದಿಲ್ಲ, ಹೊರಗೆ ಬೇವಿನ ಮರದ ಕೆಳಗೆ ಮಾತ್ರ ಬರುತ್ತದೆ. ಅಲ್ಲಿ ಕಟ್ಟೆಯ ಮೇಲೆ ಪಾಳಿಯ ಸುದ್ದಿಗೆ ಕಾದು ಹತ್ತಿಪ್ಪತ್ತು ರೈತರು ಕೂತಿದ್ದರು. ನಾನು ಸ್ಪೀಕರ್ ಹಾಕಿದೆ. ನನ್ನ ಕಿವಿ ಸ್ವಲ್ಪ ಮಂದ ಅಂತ ಹೇಳಿಕೊಂಡೆ. ನಿಜಕ್ಕೂ ನನ್ನ ಕಿವಿ ಹಂಪಿಯಲ್ಲಿ ಒಂದು ಗುಬ್ಬಿ ರೆಕ್ಕೆ ಬಡಿದರೆ ಹೊಸಪೇಟೆಯಲ್ಲಿ ಎಚ್ಚರವಾಗುವಂಥದ್ದು, ಆದರೆ ಜನರಿಗೂ ಸ್ವಲ್ಪ ಮನರಂಜನೆ ಬೇಕಲ್ಲ.

ಒಂದು ಗಂಟೆ ಸಂಗೀತ ಕೇಳಿದ ಮೇಲೆ ಮನುಷ್ಯರ ದನಿ ಬಂತು.

"ನಮಸ್ಕಾರ, ನಾನು ಶಾಂಭವಿ ಮಾತಾಡ್ತಾ ಇರೋದು. ಈ ಕರೆ ರೆಕಾರ್ಡ್ ಆಗುತ್ತೆ. ಹೇಗೆ ಸಹಾಯ ಮಾಡ್ಲಿ?"

ಹೇಳಿದೆ.

"ಸರ್, ಈ ಆವೃತ್ತಿಗೆ ಕಂಪನಿ ಬೆಂಬಲ ನಿಲ್ಲಿಸಿ ಏಳು ವರ್ಷ ಆಯ್ತು."

"ಮೇಡಂ, ನಮ್ ಕಡೆ ಬೆಂಬಲ ನಿಂತ ಮ್ಯಾಲೇನ ಗಾಡಿ ಓಡೂದು."

ಆಕೆ ನಕ್ಕ ಹಾಗಾಯಿತು. "ಒಂದು ಸಲ ಮಾತ್ರ ವರ್ಗಾವಣೆಗೆ ಅವಕಾಶ ಇದೆ. ಅಳಿಸಿಹೋದ ಅಕ್ಷರಗಳನ್ನ ನಾನೇ ಹೇಳ್ತೀನಿ. ಆದ್ರೆ ಲೈಸೆನ್ಸಿನ ಮಾಲೀಕರು ಒಪ್ಪಿಗೆ ಕೊಡಬೇಕು. ಅವರನ್ನ ಲೈನಿಗೆ ಕೊಡಿ."

"ಮಾಲೀಕರು ಸಂಘ ಅಲ್ಲೇನ್ರಿ?"

"ಇಲ್ಲ ಸರ್. ಸಂಘ ಅನ್ನೋದು ಎರಡನೇ ಸಾಲಿನಲ್ಲಿದೆ. ಮಾಲೀಕರ ಹೆಸರು ಮಿಸ್ಟರ್ ಶ್ರೀ ವಿರೂಪಾಕ್ಷ ಪ್ರಸನ್ನ ಅಂತ ಇದೆ. ಮಿಸ್ಟರ್ ಪ್ರಸನ್ನ ಅವರನ್ನ ಕರೀತೀರಾ?"

ನಾನು ಫೋನನ್ನು ಅಂಗೈಯಿಂದ ಮುಚ್ಚಿ ದುರ್ಗಕ್ಕನ ಮುಖ ನೋಡಿದೆ.

"ನೀವ ಹೇಳಿದ್ರಲ್ರಿ," ಅಂದಳು ಅವಳು. "ಅವತ್ತು ನನ್ನ ಮುಂದ ಫಾರಂ ತೆಗೆದಿಟ್ಟು, ಎಲ್ಲಾ ಡಬ್ಬಿ ತುಂಬು ಅಂತ ಹೇಳಿ ಒಗ್ಗರಣಿ ಮಿರ್ಚಿ ತಿನ್ನಾಕ ಹೋದ್ರಿ. ಹಾಳಿ ಮ್ಯಾಲ ಮೊದ್ಲಿಗೆ ಏನು ಬರೀತಾರ? ದೇವ್ರ ಹೆಸ್ರಲ್ಲೇನು? ಮ್ಯಾಲಿನ ಡಬ್ಬಿ ಖಾಲಿ ಇತ್ತು. ಶ್ರೀ ವಿರೂಪಾಕ್ಷ ಪ್ರಸನ್ನ ಅಂತ ಬರ್ದೆ."

ಮಿರ್ಚಿ ತಿನ್ನಲು ಹೋಗಿದ್ದು ನಿಜ. ಆ ದಿನ ಮಿರ್ಚಿ ಭಾಳ ಚೆನ್ನಾಗಿತ್ತು, ಮೂವತ್ತೆರಡು ತಿಂದಿದ್ದೆ.

"ಮೇಡಂ," ಅಂದೆ, "ಪ್ರಸನ್ನ ಅವ್ರು ಫೋನ್ ಎತ್ತಂಗಿಲ್ರಿ. ಹಂಪ್ಯಾಗ ಇರ್ತಾರ."

"ಹಾಗಾದ್ರೆ ಅವರು ಬಂದಾಗ ಕರೆ ಮಾಡಿಸಿ."

"ಅವ್ರು ಎಲ್ಲೂ ಬರಂಗಿಲ್ಲ. ನಾವ ಹೋಗ್ಬೇಕು."

"ತುಂಬಾ ವಯಸ್ಸಾಗಿದ್ಯಾ?"

"ಎಣಿಸಿದವ್ರಿಲ್ಲ."

ಆಕೆಯ ದನಿ ಮೃದುವಾಯಿತು. "ಕ್ಷಮಿಸಿ ಸರ್. ಅವರು ತೀರಿಹೋಗಿದ್ರೆ ಮರಣ ಪ್ರಮಾಣಪತ್ರ ಕಳಿಸಿ, ವಾರಸುದಾರರ ಹೆಸರಿಗೆ ಮಾಡಬಹುದು."

ಕಟ್ಟೆಯ ಮೇಲಿದ್ದ ಮುದುಕರು ಕೆನ್ನೆ ಕೆನ್ನೆ ಬಡಿದುಕೊಂಡರು. ಉಚ್ಚೆಂಗೆಪ್ಪ ಚಪ್ಪಲಿ ಬಿಟ್ಟು ಪಶ್ಚಿಮಕ್ಕೆ, ಹಂಪಿಯ ದಿಕ್ಕಿಗೆ, ಕೈ ಮುಗಿದ. ನಾನು ಎರಡು ನಿಮಿಷ ಸಮಯ ಕೇಳಿ ಸಾಹುಕಾರರನ್ನು ಮರದ ಬುಡಕ್ಕೆ ಕರೆದೆ.

"ಸಾವ್ಕಾರ್ರ, ಹೆಸ್ರಿನ ಅರ್ಧ ನಿಮ್ಮದೈತಿ. ಉಳಿದ ಅರ್ಧಕ್ಕ ಸ್ವಲ್ಪ ಪ್ರಸನ್ನ ಆದ್ರ ಸಾಕು."

"ನಾ ದೇವ್ರು ಅಂತ ಹೆಂಗ ಹೇಳ್ಲೋ? ಪಾಪ ಬರ್ತೈತಿ."

"ನೀವು ದೇವ್ರು ಅನ್ನಬ್ಯಾಡ್ರಿ. ಮಿಸ್ಟರ್ ಅನ್ರಿ."

ಅವರು ಯೋಚಿಸಿದರು. ಮಂಗಳವಾರದ ಇಪ್ಪತ್ತೇಳನೇ ಗಂಟೆ ಅವರ ಕಣ್ಣ ಮುಂದಿತ್ತು, ಸಸಿ ಮಡಿಯಲ್ಲಿ ಭತ್ತದ ಸಸಿ ಗೇಣುದ್ದ ಬೆಳೆದಿತ್ತು. ಹದಿನಾರು ವರ್ಷ ಅಧ್ಯಕ್ಷರಾಗಿದ್ದವರು ದೇವರಾಗಲು ಒಂದೂವರೆ ನಿಮಿಷ ತೆಗೆದುಕೊಂಡರು. ಅದರಲ್ಲಿ ಒಂದು ನಿಮಿಷ ಜುಬ್ಬಾ ಸರಿಮಾಡಿಕೊಳ್ಳಲು ಹೋಯಿತು. ಫೋನ್ ತೆಗೆದುಕೊಳ್ಳುವ ಮೊದಲು ನನ್ನ ಕಿವಿಯಲ್ಲಿ, ಅಂದರೆ ಕಟ್ಟೆಗೆಲ್ಲ ಕೇಳುವ ಹಾಗೆ, ಹೇಳಿದರು:

"ಲೈಸೆನ್ಸ್ ಬಂದ್ರ ಆತು. ಗುಂಡಿ ಒತ್ತೂದು ಪೂಜಿತಾ ಕೈಲೂ ಆಗತೈತಿ. ಈ ದುರ್ಗೀನ ಸೋಮವಾರ ಸಭಾದಾಗ ಕಳಿಸಿಬಿಡೂದು."

ದುರ್ಗಕ್ಕ ಸೆರಗಿನ ಚುಂಗಿಗೆ ಗಂಟು ಹಾಕುತ್ತಾ, ಬಿಚ್ಚುತ್ತಾ ನಿಂತಿದ್ದಳು. ಕೆಲಸ ಆಗದಿದ್ದರೂ ಅವಳ ಕುರ್ಚಿ ಹೋಗುತ್ತಿತ್ತು, ಕೆಲಸ ಆದರೂ ಹೋಗುತ್ತಿತ್ತು.

"ನಾನು ವಿರೂಪಾಕ್ಷ ಪ್ರಸನ್ನ," ಅಂದರು ಸಾಹುಕಾರರು, ಫೋಟೊ ತೆಗೆಸಿಕೊಳ್ಳುವವರ ದನಿಯಲ್ಲಿ. "ನಾನು ಒಪ್ಪಿಗೆ ಕೊಡ್ತೀನಿ."

"ಧನ್ಯವಾದ ಸರ್. ಭದ್ರತೆಗಾಗಿ ಒಂದು ಪ್ರಶ್ನೆ. ನೋಂದಣಿ ಸಮಯದಲ್ಲಿ ಕೊಟ್ಟಿದ್ದ ನಿಮ್ಮ ತಾಯಿಯ ಹೆಸರು ಹೇಳಿ."

"ನೀಲಗಂಗಮ್ಮ," ಅಂದರು ಸಾಹುಕಾರರು. ಅದು ಕಂಪ್ಲಿಗೆಲ್ಲ ಗೊತ್ತಿರುವ ಹೆಸರು, ಒಂದು ಗಿರಣಿಯ ಬೋರ್ಡಿನ ಮೇಲೇ ಇದೆ.

"ಹೊಂದುತ್ತಿಲ್ಲ ಸರ್. ಇನ್ನೆರಡು ಅವಕಾಶ ಇದೆ."

ಸಾಹುಕಾರರು ಫೋನನ್ನು ಅಂಗೈಯಿಂದ ಮುಚ್ಚಿ ಬೆವರಿದರು. ತಮ್ಮ ತಾಯಿಯ ಹೆಸರು ತಪ್ಪು ಅನ್ನಿಸಿಕೊಂಡ ಮನುಷ್ಯನನ್ನು ನಾನು ಅದೇ ಮೊದಲು ನೋಡಿದ್ದು. ಕಟ್ಟೆಯಿಂದ ಒಬ್ಬ ಮುದುಕ ನೆನಪಿಸಿದ, "ನಿಮ್ಮನ್ನ ಕೇಳಿಲ್ರಿ, ದೇವ್ರನ್ನ ಕೇಳ್ಯಾರ. ಶಿವಗ ತಾಯಿ ಎಲ್ಲಿಂದ ಬರ್ತಾಳ? ಹುಟ್ಟಿದ್ರಲ್ಲೇನು?"

ಎಲ್ಲರಿಗೂ ಸರಿ ಅನ್ನಿಸಿತು. "ನಮಗ ತಾಯಿ ಇಲ್ಲ," ಅಂದರು ಸಾಹುಕಾರರು.

"ವಿಷಾದಿಸುತ್ತೇನೆ ಸರ್. ಆದ್ರೆ ಅದೂ ಹೊಂದುತ್ತಿಲ್ಲ. ಇದು ಕಡೆಯ ಅವಕಾಶ. ತಪ್ಪಿದ್ರೆ ಈ ಲೈಸೆನ್ಸ್ ಶಾಶ್ವತವಾಗಿ ಮುಚ್ಚಿಹೋಗುತ್ತೆ."

ನಾನು ಫೋನಿಗೆ ಅಂಗೈ ಅಡ್ಡ ಹಿಡಿದು ದುರ್ಗಕ್ಕನನ್ನು ನೋಡಿದೆ. ನನ್ನ ಜೊತೆ ಇಡೀ ಕಟ್ಟೆ ನೋಡಿತು.

"ಏನು ಬರ್ದಿದ್ದೆವ್ವ?"

"ಹೇಳಿದ್ರ ಸಾವ್ಕಾರ್ರಿಗೆ ಬ್ಯಾಸರ ಆದೀತು."

"ಹೇಳ ದುರ್ಗಿ, ಜಲ್ದಿ ಹೇಳು," ಅಂದರು ಸಾಹುಕಾರರು.

ಅವಳು ಹೇಳದೆ ಇರಬಹುದಿತ್ತು. ಹೇಳದಿದ್ದರೆ ಸಾಹುಕಾರರ ಗದ್ದೆಯೂ ಇಪ್ಪತ್ತೇಳನೇ ಗಂಟೆಗೆ ಕಾಯುತ್ತಿತ್ತು. ಆದರೆ ಕಟ್ಟೆಯ ಮೇಲಿದ್ದವರ ಗದ್ದೆಗಳೂ ಕಾಯುತ್ತಿದ್ದವು.

"ತಾಯಿ ಹೆಸ್ರು ಅಂತ ಕೇಳ್ತು. ನನ್ನ ಕೇಳ್ತೈತಿ ಅನ್ಕೊಂಡೆ. ನಮ್ಮವ್ವನ ಹೆಸ್ರು ಬರ್ದೆ. ಎರ್ರೆಮ್ಮ ಅಂತ."

ಎರ್ರೆಮ್ಮ ಯಾರೆಂದು ಅಲ್ಲಿ ಯಾರಿಗೂ ಹೇಳಬೇಕಾಗಿರಲಿಲ್ಲ, ನಿಮಗೆ ಹೇಳುತ್ತೇನೆ. ಮೂವತ್ತು ವರ್ಷ ಸಾಹುಕಾರರ ಗದ್ದೆಯಲ್ಲಿ ಬಗ್ಗಿ ಸಸಿ ನಾಟಿ ಮಾಡಿದವಳು. ಆ ಮನೆಯ ಹಿತ್ತಲಿನವರೆಗೆ ಮಾತ್ರ ಹೋದವಳು. ಅಲ್ಲಿ ಮೇಲಿನಿಂದ ಹೊಯ್ಯುವ ನೀರನ್ನು ಬೊಗಸೆಯಲ್ಲಿ ಕುಡಿದವಳು. ಈಗ ಬೆನ್ನು ನೆಟ್ಟಗಾಗದೆ ಮನೆಯಲ್ಲಿದ್ದಾಳೆ. ಅವಳು ಆ ಮನೆಯ ಪಡಸಾಲೆ ನೋಡಿಲ್ಲ.

ಸಾಹುಕಾರರ ಮುಖ ಮೊದಲು ಕೆಂಪಾಯಿತು, ಆಮೇಲೆ ನಮ್ಮ ಸಂಡೂರಿನ ಅದಿರಿನ ಬಣ್ಣಕ್ಕೆ ತಿರುಗಿತು. ಫೋನನ್ನು ಬಾಯಿಗೆ ತೀರ ಹತ್ತಿರ ಹಿಡಿದು ಏನೋ ಗೊಣಗಿದರು.

"ಕೇಳಿಸ್ಲಿಲ್ಲ ಸರ್. ಸ್ವಲ್ಪ ಜೋರಾಗಿ ಹೇಳಿ."

"ಎರ್ರಮ್."

"ಸರ್, ಪೂರ್ತಿ ವಾಕ್ಯ ಹೇಳಿ. ನನ್ನ ತಾಯಿಯ ಹೆಸರು ಅಂತ ಶುರು ಮಾಡಿ. ಕರೆ ರೆಕಾರ್ಡ್ ಆಗ್ತಾ ಇದೆ."

ಬೇವಿನ ಮರದ ಮೇಲಿದ್ದ ಕಾಗೆ ಕೂಡ ಕತ್ತು ಬಗ್ಗಿಸಿತು. ಸಾಹುಕಾರರು ಕಣ್ಣು ಮುಚ್ಚಿಕೊಂಡರು.

"ನಮ್ಮವ್ವನ ಹೆಸ್ರು ಎರ್ರೆಮ್ಮ."

ಆ ದನಿ ಕಾಲುವೆ ದಾಟಿತು. ಗಂಗಾವತಿ ಬಸ್ಸಿನಲ್ಲಿ ಕೂತವರಿಗೂ ಕೇಳಿಸಿತಂತೆ, ಕಂಡಕ್ಟರ್ ಸೀಟಿ ಊದಿ ಬಸ್ ನಿಲ್ಲಿಸಿದನಂತೆ. ಇದನ್ನು ಮಾತ್ರ ನಾನು ಸ್ವಲ್ಪ ಸೇರಿಸಿರಬಹುದು.

"ಧನ್ಯವಾದ ಮಿಸ್ಟರ್ ಪ್ರಸನ್ನ. ನಿಮ್ಮ ತಾಯಿಗೆ ನಮ್ಮ ಕಂಪನಿಯ ನಮಸ್ಕಾರಗಳು. ಅಕ್ಷರಗಳನ್ನ ಬರ್ಕೊಳ್ಳಿ."

ದುರ್ಗಕ್ಕ ಬರೆದುಕೊಂಡಳು. ನಾನು ಒಳಗೆ ಹೋಗಿ ಹಳೆಯ ಯಂತ್ರದಿಂದ ಸಾಫ್ಟ್‌ವೇರನ್ನು ಬಿಡುಗಡೆ ಮಾಡಿ, ಹೊಸದರಲ್ಲಿ ಹಾಕಿ, ಇಪ್ಪತ್ತೈದು ಅಕ್ಷರ ಹೊಡೆದೆ. ಗುಂಡಿ ಒತ್ತಿದಾಗ ನಾನೂರ ಹನ್ನೆರಡು ರೈತರ ಪಾಳಿ ಹೊರಗೆ ಬಂತು. ಸಾಹುಕಾರರ ದೊಡ್ಡ ಗದ್ದೆಗೆ ಮಂಗಳವಾರ ಬೆಳಿಗ್ಗೆ ಏಳೂವರೆ. ಎರಡನೇ ಚಹಾ ಆಗಷ್ಟೇ ಆರಿತ್ತು, ದುರ್ಗಕ್ಕ ಎರಡು ಅಂದಿದ್ದಳು, ಆದ್ದರಿಂದ ಹೇಳಿದ ಸಮಯದಲ್ಲೇ ಕೆಲಸ ಮುಗಿಯಿತು ಅಂತ ಲೆಕ್ಕ.

ಸೋಮವಾರದ ಸಭೆಗೆ ನನ್ನನ್ನು ಯಾರೂ ಕರೆದಿರಲಿಲ್ಲ, ಹೋದೆ. ಪಟ್ಟಿ ಓದಿಯಾಯಿತು. ಸಾಹುಕಾರರು ಗಂಟಲು ಸರಿಮಾಡಿಕೊಂಡು, "ಇನ್ನು ಗುಮಾಸ್ತೆ ಕೆಲಸದ ವಿಚಾರ," ಅಂತ ಎದ್ದು ನಿಂತರು. ಹಿಂದಿನ ಸಾಲಿನಿಂದ ಉಚ್ಚೆಂಗೆಪ್ಪನೂ ಎದ್ದ.

"ಒಂದು ಮಾತ್ರಿ ಸಾವ್ಕಾರ್ರ. ಒಡಹುಟ್ಟಿದಾಕೀನ ಹೊರಗ ಹಾಕ್ತಾರೇನ್ರಿ ಯಾರಾದ್ರೂ?"

ಸಭೆಯಲ್ಲಿ ಒಂದು ನಗು ಎದ್ದು, ಗೋಡೆಗೆ ಬಡಿದು, ಮತ್ತೆ ಬಂತು.

"ಲೇ ಉಚ್ಚೆಂಗ್ಯ, ಅದು ಬರೇ ಫೋನಿನ್ಯಾಗ ಹೇಳಿದ್ದು."

"ರೆಕಾರ್ಡ್ ಆಗೈತಂತ್ರಿ," ಅಂದೆ ನಾನು, ಬಾಗಿಲ ಹತ್ತಿರದಿಂದ. "ನೂರು ವರ್ಷ ಇಟ್ಕೊಂತಾರಂತ." ನೂರು ವರ್ಷ ಅಂತ ಶಾಂಭವಿ ಹೇಳಿರಲಿಲ್ಲ, ಆದರೆ ಇಲ್ಲ ಅಂತಲೂ ಹೇಳಿರಲಿಲ್ಲ.

ಪೂಜಿತಾ ಎದ್ದು, ತನಗೆ ಮುಂದಿನ ತಿಂಗಳು ಪರೀಕ್ಷೆ ಇದೆ, ದುರ್ಗಕ್ಕನೇ ಇರಲಿ ಅಂದಳು. ಅವಳು ಮಾತಾಡಿದ್ದು ಆ ಸಭೆಯಲ್ಲಿ ಅದೇ ಮೊದಲು. ಸಾಹುಕಾರರು ಗುಮಾಸ್ತೆ ಕೆಲಸದ ವಿಚಾರವನ್ನು ಮುಂದೂಡಿ, ಚುರುಮುರಿ ಹಂಚಲು ಹೇಳಿ ಕೂತರು. ಮುಂದೂಡಿದ್ದು ಇನ್ನೂ ಅಲ್ಲೇ ಇದೆ.

ಅಂದಿನಿಂದ ಬಜಾರಿನಲ್ಲಿ ಸಾಹುಕಾರರು ಎದುರಾದರೆ ಜನ, "ಅವ್ವ ಆರಾಮದಾಳೇನ್ರಿ?" ಅಂತ ಕೇಳತೊಡಗಿದರು. ಮೊದಮೊದಲು ಅವರು ಬೈದರು. ಆಮೇಲೆ ಸುಮ್ಮನಾದರು. ದಸರೆಯ ಹೊತ್ತಿಗೆ ಒಮ್ಮೆ ಯಾರೂ ನೋಡದ ಹೊತ್ತು ನೋಡಿಕೊಂಡು ಎರ್ರೆಮ್ಮನ ಮನೆಗೆ ಒಂದು ಚೀಲ ಅಕ್ಕಿ ಕಳಿಸಿದರು. ಎರ್ರೆಮ್ಮ ಅದನ್ನು ವಾಪಸ್ ಕಳಿಸಿದಳು. "ಮಗ ತಾನ ಬಂದು ಕೊಟ್ರ ಇಸ್ಕೊಂತೀನಿ," ಅಂದಳಂತೆ. ಅವರು ಇನ್ನೂ ಹೋಗಿಲ್ಲ. ಆ ಓಣಿಯ ಬಾಯಿಯವರೆಗೆ ಹೋಗಿ ತಿರುಗಿ ಬಂದಿದ್ದನ್ನು ಕಂಡವರಿದ್ದಾರೆ.

ಆಯುಧಪೂಜೆಯ ದಿನ ನಾನು ಅಲ್ಲೇ ಇದ್ದೆ, ಕಂಪ್ಲಿಯ ಎಲ್ಲ ಕಂಪ್ಯೂಟರುಗಳೂ ನನ್ನ ಕೈಯಿಂದಲೇ ಹೂ ಏರಿಸಿಕೊಳ್ಳಬೇಕು ಅಂತ ಹಟ ಹಿಡಿಯುತ್ತವೆ. ಹೊಸ ಡಬ್ಬಿಯ ಮೈಮೇಲೆ ನಾನು ಅಂಟಿಸಿದ ಹೊಸ ಚೀಟಿ ಇತ್ತು. ಸಾಹುಕಾರರು ಹೊಸ ಪಂಚೆ ಉಟ್ಟು ಬಂದರು, ವಿಭೂತಿಯ ಬಟ್ಟಲಿನಲ್ಲಿ ಮೂರು ಬೆರಳು ಅದ್ದಿದರು, ಕೈ ಹದಿನಾಲ್ಕು ವರ್ಷದ ರೂಢಿಯಂತೆ ನೇರ ಚೀಟಿಯ ಕಡೆಗೆ ಹೊರಟಿತು.

ದುರ್ಗಕ್ಕ ಕುರ್ಚಿಯಿಂದ ಏಳಲಿಲ್ಲ. ಕೂತಲ್ಲಿಂದಲೇ ಅವರ ಮಣಿಕಟ್ಟು ಹಿಡಿದಳು.

"ಅಲ್ಲಿ ಬ್ಯಾಡಣ್ಣ," ಅಂದಳು. "ಮ್ಯಾಲ ಹಚ್ಚು."

ಸಾಹುಕಾರರು ಅವಳನ್ನು ನೋಡಿದರು, ಚೀಟಿ ನೋಡಿದರು, ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದರು. ಬೆರಳಿನಿಂದ ವಿಭೂತಿ ನೀರು ತೊಟ್ಟಿಕ್ಕುತ್ತಿತ್ತು. ಕೊನೆಗೆ ಕೈ ಮೇಲೆತ್ತಿ, ತಮ್ಮದೇ ಹೆಸರಿದ್ದ ಹಿತ್ತಾಳೆ ಪಟ್ಟಿಯ ಮೇಲೆ ಎಡದಿಂದ ಬಲಕ್ಕೆ ಎಳೆದರು. ಅಕ್ಷರಗಳು ಒಂದೂ ಕಾಣದ ಹಾಗೆ.